ಹಳೇದು ಯಾರಿಗೆ?

ನಮ್ಮ ಮನೆಗೆ ಒಂದು ಹೊಸ ವಸ್ತು ಬರಬೇಕಾದರೆ ಹಳೇದು ಮೊದಲು ಸರಿಯಾಗಿ ಸಾಯಬೇಕು. ಮಿಕ್ಸರ್‌ನಿಂದ ಸುಟ್ಟ ವಾಸನೆ ಬರಬೇಕು, ಟಿವಿಯಲ್ಲಿ ಅರ್ಧ ಮುಖ ಮಾತ್ರ ಕಾಣಬೇಕು, ಫ್ಯಾನು ರಿಪೇರಿಯವನೇ ಕೈ ಮುಗಿದು ಹೋಗಬೇಕು. ಆಮೇಲೆ ಯಾಕೆ ಏನು ಅಂತ ಯಾರೂ ಕೇಳುವುದಿಲ್ಲ. ಈ ಟ್ಯಾಬ್ಲೆಟ್ ಮಾತ್ರ ಅಷ್ಟು ಉಪಕಾರ ಮಾಡುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಂದ ಏಳನೇ ಪೀಳಿಗೆಯ ಐಪ್ಯಾಡ್ ಅದು. ಒತ್ತಿದರೆ ಹತ್ತುತ್ತದೆ, ಮುಟ್ಟಿದರೆ ಕೇಳುತ್ತದೆ, ಗಾಜು ಒಡೆದಿಲ್ಲ, ಸ್ವಲ್ಪ ನಿಧಾನ ಅಷ್ಟೇ. ಧಾರವಾಡದಲ್ಲಿ ನಿಧಾನವನ್ನು ಯಾರೂ ದೋಷ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

2025ರ ಮಾರ್ಚಿನಲ್ಲಿ ಹೊಸ ಐಪ್ಯಾಡ್ ಬಂತು. ಎ16 ಚಿಪ್, ಶುರುವಿಗೇ 128 ಜಿಬಿ ಜಾಗ, ಬೆಲೆ 34,900 ರೂಪಾಯಿ. ನನ್ನದರಲ್ಲಿ ಇರುವುದು 32 ಜಿಬಿ, ಒಳಗಿನ ಎ10 ಚಿಪ್ 2016ರ ಐಫೋನ್ 7ರಲ್ಲಿ ಬಂದದ್ದು. ಒಂದು ಹೊಸ ಆ್ಯಪ್ ಹಾಕಬೇಕಾದರೆ ಯಾರದೋ ಮದುವೆಯ ವಿಡಿಯೋ ಅಳಿಸಬೇಕು. ತಗೊಳ್ಳೋಣವೋ ಬೇಡವೋ ಅಂತ ಆವತ್ತಿಂದ ಯೋಚನೆ ಶುರುವಾಯಿತು. ಯೋಚನೆ ನಡೆದಿರುವಾಗಲೇ ಸೆಪ್ಟೆಂಬರಿನಲ್ಲಿ ಐಪ್ಯಾಡ್ ನಡೆಸುವ ಹೊಸ ಸಾಫ್ಟ್‌ವೇರ್ ಐಪ್ಯಾಡ್‌ಒಎಸ್ 26 ಬಂತು, ಅದು ನಡೆಯುವ ಐಪ್ಯಾಡ್‌ಗಳ ಪಟ್ಟಿ ಎಂಟನೇ ಪೀಳಿಗೆಯಿಂದ ಶುರು. ಒಂದೇ ಮೆಟ್ಟಿಲಲ್ಲಿ ನಮ್ಮದು ಹೊರಗೆ.

ಹೊರಗೆ ಬಿದ್ದರೂ ತಕ್ಷಣ ಏನೂ ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಎಲ್ಲ ಮೊದಲಿನಂತೆ ನಡೆಯುತ್ತಿರುತ್ತದೆ. ಹಾರ್ಡ್‌ವೇರ್ ಗಟ್ಟಿಮುಟ್ಟಾಗಿ ಕೂತಿರುತ್ತದೆ, ಆ್ಯಪ್ ಮಾಡುವವರು ಮಾತ್ರ ಒಬ್ಬೊಬ್ಬರಾಗಿ ಹಳೇ ಸಾಫ್ಟ್‌ವೇರಿನ ಕೈ ಬಿಡುತ್ತಾ ಹೋಗುತ್ತಾರೆ. ಒಂದಿನ ಬೆಳಿಗ್ಗೆ ಬ್ಯಾಂಕಿನ ಆ್ಯಪ್ 'ಇದಕ್ಕಿಂತ ಹೊಸ ಆವೃತ್ತಿ ಬೇಕು' ಅನ್ನುತ್ತದೆ, ಇನ್ನೊಂದಿನ ಇನ್ನೊಂದು. 2010ರಲ್ಲಿ ಬಂದ ಮೊಟ್ಟಮೊದಲ ಐಪ್ಯಾಡ್ ಆಗಿನ ಸಾಫ್ಟ್‌ವೇರ್ ಐಒಎಸ್ 5.1.1ಕ್ಕೆ ನಿಂತುಬಿಟ್ಟಿತು. ಈಗಲೂ ಯಾರ ಮನೆಯಲ್ಲಾದರೂ ಅದು ಹತ್ತೀತು, ಹತ್ತಿಸಿ ಮಾಡುವುದೇನು?

ಹಾಗಂತ ಬಿಡುಗಡೆಯಾದ ಕೂಡಲೇ ಓಡಿಹೋಗಿ ಕೊಂಡವರು ಜಾಣರು ಅಂತಲೂ ಅಲ್ಲ. 2012ರ ಮಾರ್ಚಿನಲ್ಲಿ ಮೂರನೇ ಐಪ್ಯಾಡ್ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ನಾಲ್ಕನೆಯದು. ಏಳೇ ತಿಂಗಳು! ಚಾರ್ಜರ್ ತೂತು ಕೂಡ ಬದಲಾಯಿತು. ಬ್ಯಾಡ ಅಂದರೂ ಕೇಳದೆ ಸಾಲ ಮಾಡಿ ತಗೊಂಡವರ ಮನೆಯಲ್ಲಿ ಆವತ್ತು ಏನೇನು ಮಾತು ಬಂದಿರಬಹುದು, ಊಹಿಸಿಕೊಳ್ಳಿ.

ಕೈಯಲ್ಲಿ ಹಿಡಿದು ನೋಡೋಣ ಅಂತ ಒಂದು ಭಾನುವಾರ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಅಂಗಡಿಯ ಹುಡುಗ ಬಲು ಉತ್ಸಾಹಿ. "ಭಾಳ ಹಗರ ಐತ್ರೀ ಸರ್, ಹಿಡದ ನೋಡ್ರಿ" ಅಂದ. ಹಿಡಿದೆ. ಹಳೇದು 483 ಗ್ರಾಂ, ಹೊಸದು 477. ಆರು ಗ್ರಾಂ ವ್ಯತ್ಯಾಸ ಕಂಡುಹಿಡಿಯಬೇಕಾದರೆ ಅಕ್ಕಸಾಲಿಗರ ಓಣಿಗೇ ಹೋಗಬೇಕು. ಪರದೆ ಅರ್ಧ ಇಂಚಿಗಿಂತ ತುಸು ಜಾಸ್ತಿ ದೊಡ್ಡದು, ಅದು ಮಾತ್ರ ಕಣ್ಣಿಗೆ ಕಾಣುತ್ತದೆ. ಮೊನ್ನೆ ಜಿಎಸ್‌ಟಿ ಇಳಿಯಿತಲ್ಲ, ಇದರದೂ ಇಳಿದಿರಬೇಕಲ್ಲ ಅಂತ ಕೇಳಿದೆ. ದೊಡ್ಡ ಟಿವಿ, ಎಸಿಗೆ ಇಳಿದದ್ದು ಹೌದು, ಟ್ಯಾಬ್ಲೆಟ್ ಮೊದಲೂ 18 ಪರ್ಸೆಂಟ್, ಈಗಲೂ 18 ಅಂದ. ಎಕ್ಸ್‌ಚೇಂಜ್ ಕೇಳಿದ್ದಕ್ಕೆ ಅವನು ನನ್ನ ಟ್ಯಾಬನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಆ ಕಡೆ ಈ ಕಡೆ ಓರೆ ಮಾಡಿ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಮೂಲೆ ಮೂಲೆ ನೋಡಿದ. ಆಮೇಲೆ ಒಂದು ರೇಟು ಹೇಳಿದ. ಕೇಳಿ ನಾನು ಸುಮ್ನೆ ಅದನ್ನು ಇಸಕೊಂಡು ಚೀಲಕ್ಕೆ ಹಾಕಿಕೊಂಡೆ. ಅಷ್ಟಕ್ಕೆ ಕೊಡುವುದಕ್ಕಿಂತ ಮನೆಯಲ್ಲಿ ಇರುವುದೇ ವಾಸಿ.

ಮನೆಗೆ ಬಂದು ಹೊಸದರ ಗುಣಗಾನ ಮಾಡತೊಡಗಿದ ಮೇಲೆ ನಿಜವಾದ ಗೊಂದಲ ಶುರುವಾಯಿತು. ಕಂಪನಿಯವರು ಸುಧಾರಣೆ ಅಂತ ಮಾಡಿದ ಒಂದೊಂದೂ ನಮ್ಮ ಮನೆಯಲ್ಲಿ ಯಾರಿಗೋ ಒಬ್ಬರಿಗೆ ಬೇಡದ್ದು.

ಸ್ಪೀಕರ್ ವಿಷಯವನ್ನೇ ತಗೊಳ್ಳಿ. ಹಳೆಯದರಲ್ಲಿ ಎರಡು ಸ್ಪೀಕರ್ ಇವೆ, ಎರಡೂ ಚಾರ್ಜರ್ ಚುಚ್ಚುವ, ಮುಂದೆ ದುಂಡು ಗುಂಡಿ ಇರುವ ಬದಿಗೇ. ನೆಟ್ಟಗೆ ಹಿಡಿದರೆ ಪರವಾಗಿಲ್ಲ, ಅಡ್ಡ ಹಿಡಿದರೆ ದನಿಯೆಲ್ಲ ಒಂದೇ ಪಕ್ಕದಿಂದ ಬರುತ್ತದೆ. ಹೊಸದರಲ್ಲಿ ಅಡ್ಡ ಹಿಡಿದಾಗ ಎಡಕ್ಕೊಂದು, ಬಲಕ್ಕೊಂದು. ಇದನ್ನು ಅಪ್ಪನಿಗೆ ವಿವರಿಸಿದೆ. ಅಪ್ಪನಿಗೆ ಎಡಗಿವಿ ಸ್ವಲ್ಪ ಮಂದ. ದಿನಾ ಬೆಳಿಗ್ಗೆ ಟ್ಯಾಬನ್ನು ಗುಂಡಿ ಬಲಕ್ಕೆ ಬರುವ ಹಾಗೆ ಅಡ್ಡ ನಿಲ್ಲಿಸಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಾರೆ. ಅವರಿಗೆ ಪ್ರೀತಿ ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಂದ ಏರಿಸಿದ ಹಾಡುಗಳ ಮೇಲೆ, ಮೂರು ನಿಮಿಷದಲ್ಲಿ ಇಡೀ ರಾಗ ಮುಗಿಸಿಬಿಡುವಂಥವು, ಹಿಂದೆ ಸರಸರ ಸದ್ದು ಬೇರೆ. ಮೊದಲೇ ಮೋನೋ, ಎಡಕ್ಕೆ ಬಲಕ್ಕೆ ಅಂತ ಬೇರೆ ಬೇರೆ ದನಿ ಇಲ್ಲದ್ದು. ಆ ತಾನಗಳೆಲ್ಲ ನೇರ ಬಲಗಿವಿಗೆ ಹೋಗಿ ಬೀಳುತ್ತವೆ. "ಅರ್ಧಾ ದನಿ ಕೆಪ್ಪ ಕಿವಿಗೆ ಹಾಕಾಕ ಮೂವತ್ತೈದು ಸಾವಿರಾ ಕೊಡಬೇಕೇನು?" ಅಂದರು. ಇದಕ್ಕೆ ಏನು ಉತ್ತರ ಕೊಡುವುದು?

ಅಮ್ಮನದು ಗುಂಡಿಯ ತಕರಾರು. ಹೊಸದರಲ್ಲಿ ಮುಂದಿನ ದುಂಡು ಗುಂಡಿಯೇ ಇಲ್ಲ. ಬೆರಳಚ್ಚು ಮೇಲಿನ ಅಂಚಿನ ಬಟನ್‌ಗೆ ಹೋಗಿದೆ, ಹಿಂದೆ ಬರಬೇಕಾದರೆ ಕೆಳಗಿನಿಂದ ಮೇಲಕ್ಕೆ ಸವರಬೇಕು. ಅಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಯೂಟ್ಯೂಬ್ ನೋಡುತ್ತಾ ರೊಟ್ಟಿ ಬಡಿಯುವವರು. ದಾರಿ ತಪ್ಪಿ ಎಲ್ಲೋ ಹೋದಾಗ ಮೊಣಕೈಯಿಂದ ಆ ಗುಂಡಿ ಒತ್ತಿದರೆ ಆಯಿತು, ಮತ್ತೆ ಮನೆ. ಗುಂಡಿಯ ಸುತ್ತ ಕೂದಲೆಳೆಯಷ್ಟು ಸಂದಿ ಇದೆಯಲ್ಲ, ಅದರಲ್ಲಿ ಜೋಳದ ಹಿಟ್ಟು ಹೊಕ್ಕು ಬಿಳಿ ಬಳೆಯ ಥರ ಕೂತಿರುತ್ತದೆ. ಹಲ್ಲುಕಡ್ಡಿಯಿಂದ ಅದನ್ನು ಕೆರೆದು ತೆಗೆಯುವುದು ನನ್ನ ಕೆಲಸ. ಸವರುವುದನ್ನು ಕಲಿಸಿಕೊಡುತ್ತೇನೆ ಅಂದೆ. "ಹಿಟ್ಟಿನ ಕೈಲೆ ಸವರಿದ್ರ ಗಾಜಿನ ಗತಿ ಏನು?" ಅಂದರು. ಅದೂ ಸರಿಯೇ.

ಹೊಸದರ ಪರ ನಿಂತವಳು ಪುಣೆಯಲ್ಲಿರುವ ಅಕ್ಕ ಒಬ್ಬಳೇ. ಹಳೇದರ ಮುಂದಿನ ಕ್ಯಾಮೆರಾ 1.2 ಮೆಗಾಪಿಕ್ಸೆಲ್, ಅದೂ ಉದ್ದದ ಅಂಚಿನಲ್ಲಿಲ್ಲ, ಗಿಡ್ಡ ಅಂಚಿನಲ್ಲಿದೆ. ಹೀಗಾಗಿ ಅಡ್ಡ ಇಟ್ಟು ವಿಡಿಯೋ ಕಾಲ್ ಮಾಡಿದರೆ ನಮ್ಮ ಮನೆಯವರೆಲ್ಲ ಬೇರೆ ಯಾರನ್ನೋ ನೋಡುತ್ತಾ ಅವಳ ಜೊತೆ ಮಾತಾಡಿದ ಹಾಗೆ ಕಾಣುತ್ತಾರಂತೆ. ಹೊಸದರಲ್ಲಿ ಕ್ಯಾಮೆರಾ ಉದ್ದದ ಅಂಚಿನ ನಡುವೆ ಇದೆ, 12 ಮೆಗಾಪಿಕ್ಸೆಲ್, ಎದ್ದು ಓಡಾಡಿದರೆ ಮುಖವನ್ನು ಹಿಂಬಾಲಿಸುತ್ತದೆ. ಹಿಂಬಾಲಿಸುತ್ತದೆ ಅಂದ ಕೂಡಲೇ ಅಮ್ಮ ಇನ್ನೊಂದು ಕಾರಣ ಸಿಕ್ಕಿತು ಅನ್ನುವ ಹಾಗೆ ನನ್ನ ಕಡೆ ನೋಡಿದರು.

ನನಗೆ ಯಾಕೆ ಬೇಕು ಅಂತ ಪ್ರಾಮಾಣಿಕವಾಗಿ ಕೇಳಿಕೊಂಡರೆ, ಹಳೇ ಪುಸ್ತಕಗಳ ಪಿಡಿಎಫ್ ಓದಲಿಕ್ಕೆ. 1894ರ ಕಿಟ್ಟೆಲ್ ನಿಘಂಟಿನ ಸ್ಕ್ಯಾನು ಇಟ್ಟುಕೊಂಡಿದ್ದೇನೆ, ಸಾವಿರದ ಏಳುನೂರಕ್ಕೂ ಜಾಸ್ತಿ ಪುಟ, ಪ್ರತಿ ಪುಟವೂ ಒಂದು ಫೋಟೋ. ನನ್ನ ಟ್ಯಾಬಿನಲ್ಲಿ 'ಕ'ದಿಂದ 'ಮ'ಕ್ಕೆ ಹಾರಿದರೆ ಮೊದಲು ಬಿಳಿ ಹಾಳೆ ಬರುತ್ತದೆ, ಆಮೇಲೆ ಬೂದು ಬಣ್ಣದ ಮಸುಕು, ಆಮೇಲೆ ಸಾಲುಗಳು, ಕೊನೆಗೆ ಅಕ್ಷರ. ಅಷ್ಟರಲ್ಲಿ ಯಾವ ಶಬ್ದ ಹುಡುಕುತ್ತಿದ್ದೆ ಅನ್ನುವುದೇ ಮರೆತಿರುತ್ತದೆ. ಅಂಗಡಿಯ ಟ್ಯಾಬಿನಲ್ಲಿ ಅದೇ ಫೈಲ್ ಇಳಿಸಿ ನೋಡಿದೆ (ಹುಡುಗ ಬೇಡ ಅನ್ನಲಿಲ್ಲ, ಪಾಪ). ಪುಟ ಪಟಪಟ ಬಿತ್ತು. ಆಗಲೇ ಮನಸ್ಸು ಅರ್ಧ ಅತ್ತ ವಾಲಿದ್ದು. ಪರದೆಯ ಮೇಲೆ ಬರೆಯುವ ಆ್ಯಪಲ್ ಪೆನ್ಸಿಲ್‌ನ ಗೋಜು ಬೇರೆ ಇದೆ. ಹಳೇ ಪೆನ್ಸಿಲ್ ಹೊಸದಕ್ಕೆ ನಡೆಯುತ್ತದೆ, ಆದರೆ ಚಾರ್ಜರ್ ತೂತು ಯುಎಸ್‌ಬಿ-ಸಿ ಆಗಿರುವುದರಿಂದ ಅದನ್ನು ಜೋಡಿಸಲಿಕ್ಕೆ, ಚಾರ್ಜ್ ಮಾಡಲಿಕ್ಕೆ ನಡುವೆ ಒಂದು ಅಡಾಪ್ಟರ್, ಒಂದು ವೈರ್. ಇರಲಿ, ಗೆರೆ ಎಳೆಯದಿದ್ದರೂ ನಿಘಂಟು ಓದಬಹುದು.

ಅಚ್ಚರಿ ಅಂದರೆ, ಹೊಸದು ತಮಗೆ ಬೇಡ ಅಂದ ಅಪ್ಪ ಅಮ್ಮ ಇಬ್ಬರೂ ಈಗ ನಾನು ಅದನ್ನು ತಗೊಳ್ಳಲೇಬೇಕು ಅಂತ ಹಟ ಹಿಡಿದಿದ್ದಾರೆ. ಯಾಕೆಂದರೆ ನಾನು ಹೊಸದು ತಂದರೆ ಹಳೇದು ಖಾಲಿಯಾಗುತ್ತದೆ. ಬೆಳಿಗ್ಗೆ ಆರರಿಂದ ಎಂಟು ಅಪ್ಪನದು, ಎಂಟರ ಮೇಲೆ ಅಮ್ಮನದು ಅಂತ ಅವರೇ ಮಾತಾಡಿಕೊಂಡೂ ಆಗಿದೆ. ರಜೆಗೆ ಬರುವ ಅಕ್ಕನ ಮಗ ಫೋನಿನಲ್ಲೇ ಮಧ್ಯಾಹ್ನದ ಪಾಳಿ ಹಿಡಿದಿದ್ದಾನೆ. ಮಾರುವವನು ಹೊಸದನ್ನು ಹೊಗಳಿ ಹೊಗಳಿ ಸುಸ್ತಾದ, ಇಲ್ಲಿ ಗಿರಾಕಿಗಳೆಲ್ಲ ಹಳೇದಕ್ಕೇ.

ಹಾಗಾಗಿ ತಗೊಳ್ಳುವುದು ಅಂತ ಆಗಿದೆ. 128 ಜಿಬಿ ಸಾಕು, ಸಿಮ್ ಹಾಕುವಂಥದ್ದು ಬೇಡ, ಪೂರ್ತಿ ನಗದು, ಇಎಂಐ ಇಲ್ಲ. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಬಣ್ಣದ ಮೇಲೆ ಮಾತ್ರ ಸಭೆ ಮುರಿಯಿತು. ನೀಲಿ, ಗುಲಾಬಿ, ಹಳದಿ, ಬೆಳ್ಳಿ ಅಂತ ನಾಲ್ಕಿವೆ. ನಾನು ನೀಲಿ ಅಂದೆ, ಅಕ್ಕನ ಮಗ ಹಳದಿಗೆ ಜೋತು ಬಿದ್ದ. ಅಪ್ಪ ಹಾಡು ನಿಲ್ಲಿಸಿ, "ಬೆಳ್ಳೀದ ತಗೋ, ನಮ್ಮ ಊರಿನ ಧೂಳಾ ಕಾಣಂಗಿಲ್ಲ" ಅಂದು ಮತ್ತೆ ಶುರು ಮಾಡಿಕೊಂಡರು.