ಸತ್ಯಾಂಶ: ಮೊಬೈಲ್‌ನಲ್ಲಿ ತೋರಿಸುವ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ, ಫೋಟೋ ನಡೆಯಲ್ಲ

"ಮುಂಬೈಯಲ್ಲಿ ಮೊಬೈಲ್ ಲೈಸೆನ್ಸ್ ಪೊಲೀಸರು ಒಪ್ಪಲ್ಲ, ಕಾರ್ಡ್ ಇಲ್ಲದಿದ್ದರೆ ದಂಡ ಗ್ಯಾರಂಟಿ." ನಮ್ಮ ಘಾಟ್‌ಕೋಪರ್ ಕನ್ನಡಿಗರ ಗ್ರೂಪಿಗೆ ಈ ಮೆಸೇಜ್ ಮತ್ತೆ ಬಂದಿದೆ. ಇದು ತಪ್ಪು.

2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಆಯಿತು. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್ ಎಲ್ಲವನ್ನೂ ಎಲೆಕ್ಟ್ರಾನಿಕ್ ರೂಪದಲ್ಲೂ ತೋರಿಸಬಹುದು. ಇದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಮಂಗಳೂರಲ್ಲಿ ಮಾಡಿಸಿದ ಲೈಸೆನ್ಸಿಗೂ ಅಷ್ಟೇ.

ಹಾಗಾದರೆ ಗೊಂದಲ ಎಲ್ಲಿಂದ? ನನಗೆ ಅನಿಸೋದು, ಫೋಟೋದಿಂದ. ಪಕ್ಕದ ಮನೆ ಅಣ್ಣ ಒಬ್ಬರು ಮೊನ್ನೆ ಗ್ಯಾಲರಿ ತೆರೆದು ತೋರಿಸಿದರು. ಕಾರ್ಡಿನ ಫೋಟೋ, ಮೂಲೆಯಲ್ಲಿ ಅವರದೇ ಹೆಬ್ಬೆರಳು, ನಂಬರಿನ ಕೊನೆ ಎರಡು ಅಂಕಿ ಮಸುಕು. ಪಾಪ, ಅದನ್ನೇ ಡಿಜಿಟಲ್ ಲೈಸೆನ್ಸ್ ಅಂದುಕೊಂಡಿದ್ದರು. ಅದು ಸುಮ್ನೆ ಒಂದು ಚಿತ್ರ, ಅಲ್ವಾ? ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಲ್ಲಿ ನಾವೇ ಅಪ್‌ಲೋಡ್ ಮಾಡಿದ ಸ್ಕ್ಯಾನ್ ಕೂಡ ಮೂಲ ದಾಖಲೆ ಅಲ್ಲ. ಸಾರಿಗೆ ಇಲಾಖೆಯ ದಾಖಲೆಯಿಂದ ನೇರ ಬಂದು, 'ಇಶ್ಯೂಡ್' ವಿಭಾಗದಲ್ಲಿ ಕೂತಿರುವುದಕ್ಕೆ ಮಾತ್ರ ಮೂಲದ ಬೆಲೆ. ಕೇಂದ್ರ ಸಾರಿಗೆ ಸಚಿವಾಲಯದ ಎಂಪರಿವಾಹನ್ ಆ್ಯಪ್‌ನಲ್ಲಿ ಬರುವುದೂ ನಡೆಯುತ್ತದೆ.

ಹಳೆಯ ಪುಸ್ತಕದ ಲೈಸೆನ್ಸ್ ಇದ್ದವರಿಗೆ ಒಮ್ಮೊಮ್ಮೆ ಈ ಆ್ಯಪ್‌ಗಳಲ್ಲಿ ದಾಖಲೆ ಸಿಗುವುದಿಲ್ಲ. ಅಂಥವರು ಆರ್‌ಟಿಒದಲ್ಲಿ ವಿಚಾರಿಸಿ, ಅಲ್ಲಿವರೆಗೆ ಪುಸ್ತಕ ಜೊತೆಗಿರಲಿ.