ಎಮರ್ಸನ್ ಎಡಗೈ ಕೇಳಿದ್ದೀರಾ?

ಇಂಗ್ಲೆಂಡಿನ ರಾಕ್ ಕೀಬೋರ್ಡ್ ವಾದಕ ಕೀತ್ ಎಮರ್ಸನ್ ಅಂದ ಕೂಡಲೇ ಜನ ಚಾಕುವಿನ ಕಥೆ ತೆಗೆಯುತ್ತಾರೆ. ಆರ್ಗನ್ನಿಗೆ ಚಾಕು ಚುಚ್ಚಿದ, ಅದನ್ನು ಎಳೆದಾಡಿ ಕೆಡವಿದ, ಪಿಯಾನೋ ಸಮೇತ ಗಾಳಿಯಲ್ಲಿ ತಿರುಗಿದ. ಮೊನ್ನೆ ಗೆಳೆಯನೊಬ್ಬ ಕೂಡ ಅದನ್ನೇ ಹೇಳಿದ, "ಅವನದೆಲ್ಲ ಬರೀ ಸರ್ಕಸ್ಸು ಮಾರಾಯ" ಅಂತ. ಆಗ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಎರಡು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ ಚಾಕುವಿನ ವಿಷಯವೇ ಮಾತಾಡೋಣ.

ನಮ್ಮಜ್ಜ ಊರಿನ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಶ್ರುತಿ ಹಿಡಿಯೋ ಗುಂಡಿ ಯಾವತ್ತೋ ಕೆಟ್ಟಿತ್ತು. ಅಜ್ಜ ಒಂದು ಬೆಂಕಿಕಡ್ಡಿ ಮುರಿದು ಷಡ್ಜದ ಮನೆಯನ್ನು, ಅಂದರೆ ಆ ಕೀಯನ್ನು, ಒತ್ತಿ ಹಿಡಿದು ಪಕ್ಕದ ಸಂದಿಗೆ ಸಿಕ್ಕಿಸುತ್ತಿದ್ದರು, ಇನ್ನರ್ಧ ಪಂಚಮಕ್ಕೆ. ಮನೆ ಕೆಳಗೇ ಕೂತುಬಿಡುತ್ತಿತ್ತು. ಎಡಗೈ ತಿದಿ ಒತ್ತೋಕೆ, ಬಲಗೈ ಹಾಡಿಗೆ, ಶ್ರುತಿಗೆ ಬೆಂಕಿಕಡ್ಡಿ. ಎಮರ್ಸನ್ ಮಾಡಿದ್ದೂ ಇದೇ. 1967ರಲ್ಲಿ ದಿ ನೈಸ್ ಅನ್ನೋ ಬ್ಯಾಂಡ್ ಶುರುವಾಯಿತು, ಅದೂ ಪಿ.ಪಿ. ಆರ್ನಾಲ್ಡ್ ಅನ್ನೋ ಗಾಯಕಿಯ ಹಿಂದೆ ನುಡಿಸೋದಕ್ಕೆ ಅಂತ. ಅಲ್ಲಿ ಅವನು ಹ್ಯಾಮಂಡ್ ಅನ್ನೋ ವಿದ್ಯುತ್ ಆರ್ಗನ್ನಿನ ಎರಡು ಕೀಗಳಿಗೆ ಚಾಕು ಸಿಕ್ಕಿಸಿ ಆ ಸ್ವರಗಳನ್ನು ಹಾಗೇ ಮೊಳಗಲು ಬಿಟ್ಟು, ಅದರ ಮೇಲೆ ಇನ್ನೇನೋ ನುಡಿಸುತ್ತಿದ್ದ. ಅದು ಅವನ ಶ್ರುತಿ. ಅವನಿಗೊಂದು ಒಳ್ಳೆ ಕಠಾರಿ ತಂದುಕೊಟ್ಟದ್ದು ಆಗ ಅವರ ಸಾಮಾನು ಹೊರುತ್ತಿದ್ದ ಹುಡುಗ ಲೆಮ್ಮಿ. ಮುಂದೆ ಮೋಟರ್‌ಹೆಡ್ ಅನ್ನೋ ರಾಕ್ ಬ್ಯಾಂಡ್ ಕಟ್ಟಿದ ಅದೇ ಲೆಮ್ಮಿ.

ಇನ್ನು ಆರ್ಗನ್ ಕೆಡವಿದ್ದು. ಹ್ಯಾಮಂಡ್ ಒಳಗೆ ಒಂದು ಮೋಟಾರು ಇರುತ್ತೆ. ಅದು ಹಲ್ಲಿರುವ ಪುಟ್ಟ ಪುಟ್ಟ ಚಕ್ರಗಳನ್ನು ತಿರುಗಿಸುತ್ತೆ, ಆ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗಿದಾಗ ಸ್ವರ ಹುಟ್ಟುತ್ತೆ. ಮೋಟಾರು ಆಫ್ ಮಾಡಿದರೆ ಚಕ್ರ ನಿಧಾನವಾಗಿ ನಿಲ್ಲುತ್ತಾ ಬರುತ್ತೆ, ಸ್ವರವೂ ಜೊತೆಗೆ ಕೆಳಗೆ ಜಾರುತ್ತೆ, ಹಳೆ ಟೇಪ್ ರೆಕಾರ್ಡರಿನ ಸೆಲ್ಲು ಇಳಿದಾಗ ಹಾಡು ಎಳೆಯುತ್ತಿತ್ತಲ್ಲ, ಹಾಗೆ. ಅವನ ಎಲ್-100 ಮಾಡೆಲ್ಲಿನಲ್ಲಿ ಗುಂಯ್‌ಗುಡಿಸೋಕೆ ಒಂದು ಸ್ಪ್ರಿಂಗೂ ಇತ್ತು. ಆರ್ಗನ್ನನ್ನು ವಾಲಿಸಿ ಕುಕ್ಕಿದರೆ ಸ್ಪ್ರಿಂಗ್ ಅಲುಗಾಡಿ ಬಾಂಬ್ ಸಿಡಿದ ಸದ್ದು. ಇದೆಲ್ಲ ಆ ಯಂತ್ರದ ದೋಷಗಳು. ಕಂಪನಿಯವರು ಮುಚ್ಚಿಡೋಕೆ ನೋಡುವಂಥವು. ಅವನು ಅವನ್ನೇ ಸಂಗೀತಕ್ಕೆ ತಂದ. ಹೊಡೆತ ತಿನ್ನೋಕೆ ಎಲ್-100, ಮೃದುವಾಗಿ ನುಡಿಸೋಕೆ ಪಕ್ಕದಲ್ಲಿ ದೊಡ್ಡ ಸಿ-3. ಯಾವುದರಿಂದ ಏನು ಸಿಗುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಸರ್ಕಸ್ ಅನ್ನೋಕೆ ನನಗೆ ಮನಸ್ಸಿಲ್ಲ.

1970ರಲ್ಲಿ ಕಿಂಗ್ ಕ್ರಿಮ್ಸನ್ ಬ್ಯಾಂಡಿನಿಂದ ಹಾಡುಗಾರ ಗ್ರೆಗ್ ಲೇಕ್, ಅಟಾಮಿಕ್ ರೂಸ್ಟರ್ ಬ್ಯಾಂಡಿನಿಂದ ಡ್ರಮ್ಮಿನ ಕಾರ್ಲ್ ಪಾಮರ್ ಬಂದು ಸೇರಿ ಎಮರ್ಸನ್, ಲೇಕ್ ಅಂಡ್ ಪಾಮರ್ ಅನ್ನೋ ಮೂವರ ಬ್ಯಾಂಡ್ ಆಯಿತು. ಆ ಆಗಸ್ಟ್‌ನಲ್ಲೇ ಇಂಗ್ಲೆಂಡಿನ ಐಲ್ ಆಫ್ ವೈಟ್ ಸಂಗೀತೋತ್ಸವದಲ್ಲಿ ನುಡಿಸಿದರು. ಗಿಟಾರ್ ರಾಜನಾಗಿದ್ದ ಕಾಲ. ಇಲ್ಲಿ ಮುಂದೆ ನಿಂತವನು ಕೀಬೋರ್ಡಿನವನು.

ಆಮೇಲೆ ಬಂತು ಮೂಗ್ ಅನ್ನೋ ಸಿಂಥಸೈಜರ್, ವಿದ್ಯುತ್ತಿನಿಂದಲೇ ನಾದ ಹುಟ್ಟಿಸೋ ವಾದ್ಯ. ಮೂಗ್ ಮಾಡ್ಯುಲರ್ ಸಿಂಥಸೈಜರ್ ಅಂದರೆ ಈಗಿನ ಕೀಬೋರ್ಡ್ ಥರ ಸ್ವಿಚ್ ಹಾಕಿ ನುಡಿಸೋದಲ್ಲ. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಮೈತುಂಬ ತೂತು, ಅವುಗಳ ಮಧ್ಯೆ ವೈರು. ಯಾವ ವೈರು ಎಲ್ಲಿ ಚುಚ್ಚುತ್ತೀಯೋ ಅದರ ಮೇಲೆ ನಾದ. ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು. ಬಿಸಿಲು ಜಾಸ್ತಿಯಾದರೆ, ಚಳಿ ಬಿದ್ದರೆ ಶ್ರುತಿ ತಪ್ಪುತ್ತಿತ್ತು. ಸ್ಟುಡಿಯೋ ಮೂಲೆಯಲ್ಲಿ ಅಲುಗಾಡದೆ ಕೂರಬೇಕಾದ ಯಂತ್ರವನ್ನು ಲಾರಿಗೆ ಹಾಕಿಕೊಂಡು ಊರೂರು ತಿರುಗಿದ ಈ ಮನುಷ್ಯ. ಮೊದಲ ಆಲ್ಬಮ್ಮಿನ 'ಲಕ್ಕಿ ಮ್ಯಾನ್' ಕೊನೆಯಲ್ಲಿ ಆ ಮೂಗ್ ಬರುತ್ತೆ. ಲೇಕ್ ಹುಡುಗನಾಗಿದ್ದಾಗ ಬರೆದ ಸರಳ ಗಿಟಾರ್ ಹಾಡು ಅದು. ಹಾಡು ಮುಗಿಯುವ ಹೊತ್ತಿಗೆ ಕೆಳಗಿನಿಂದ ಒಂದು ದಪ್ಪ ಸ್ವರ ಜಾರಿಕೊಂಡು ಮೇಲೆ ಬರುತ್ತೆ ನೋಡಿ, ಅದು ಅವನು ಸುಮ್ನೆ ನುಡಿಸಿ ನೋಡಿದ ಮೊದಲ ಟೇಕ್. ಅವನಿಗೆ ಮತ್ತೊಮ್ಮೆ ನುಡಿಸೋ ಆಸೆ ಇತ್ತು. ಉಳಿದವರು ಇದೇ ಇರಲಿ ಅಂದರು. ಜಗತ್ತಿನ ಎಷ್ಟೋ ಜನ ಸಿಂಥಸೈಜರ್ ಅನ್ನೋದರ ದನಿಯನ್ನು ಮೊದಲು ಕೇಳಿದ್ದು ಆ ಹಾಡಿನಲ್ಲೇ ಇರಬೇಕು.

ಆದರೆ ನಾನು ಹೇಳಬೇಕು ಅಂತ ಕೂತದ್ದು ಅವನ ಎಡಗೈ ಬಗ್ಗೆ.

ಇದೇ ಬ್ಯಾಂಡಿನ 1971ರ 'ಟಾರ್ಕಸ್' ಅನ್ನೋ ಕೃತಿ ತಗೊಳ್ಳಿ. ರೆಕಾರ್ಡಿನ ಒಂದು ಇಡೀ ಬದಿ, 20 ನಿಮಿಷದ ಮೇಲೆ. ಶುರುವಿನಲ್ಲೇ ಎಡಗೈ ಒಂದು ಸುತ್ತು ಹಿಡಿಯುತ್ತೆ, ಹತ್ತು ಅಕ್ಷರದ್ದು. ತಕ ತಕಿಟ, ತಕ ತಕಿಟ ಅಂತ ತೊಡೆ ಮೇಲೆ ತಟ್ಟಿಕೊಂಡು ಕೇಳಿ, ಲೆಕ್ಕ ಕೂರುತ್ತೆ. ಐದೈದರ ಲೆಕ್ಕದ ಖಂಡ ನಡೆ ಕೇಳಿ ಬೆಳೆದ ನಮಗೆ ಇದು ಅಪರಿಚಿತ ಅಲ್ಲವೇ ಅಲ್ಲ. ಎಡಗೈ ಆ ಸುತ್ತನ್ನು ಬಿಡದೆ ಅರೆಯುತ್ತಾ ಇರುವಾಗ ಬಲಗೈ ಅದರ ಮೇಲೆ ತನ್ನ ಪಾಡಿಗೆ ಒಡೆದು ಒಡೆದು ಮಾತಾಡುತ್ತೆ. ಒಂದೇ ತಲೆಯಿಂದ ಎರಡು ಕೈ ಹೀಗೆ ಬೇರೆ ಬೇರೆ ಓಡಿಸೋದು ಎಷ್ಟು ಕಷ್ಟ ಅಂತ ಒಂದು ದಿನ ಕೀಬೋರ್ಡ್ ಮುಂದೆ ಕೂತು ನೋಡಿದರೆ ತಿಳಿಯುತ್ತೆ. ನಾನು ಆ ಎಡಗೈ ಒಂದನ್ನೇ ಮೂರು ತಿಂಗಳು ಕಲಿತಿದ್ದೇನೆ. ಲೇಕ್‌ಗೆ ಮೊದಲು ಇದು ಹಿಡಿಸಿರಲಿಲ್ಲ, ಬ್ಯಾಂಡ್ ಒಡೆಯೋ ಮಟ್ಟಕ್ಕೆ ಹೋಗಿತ್ತು.

ಬೇರೆಯವರ ಕೃತಿ ಮುಟ್ಟುವಾಗಲೂ ಅವನಿಗೆ ಒಂದು ಮರ್ಯಾದೆ ಇತ್ತು. 1973ರ ಆಲ್ಬಮ್ಮಿಗೆ ಅರ್ಜೆಂಟೀನಾದ ಸಂಯೋಜಕ ಹಿನಸ್ತೇರ ಅವರ ಪಿಯಾನೋ ಕನ್ಸರ್ಟೋದ (ವಾದ್ಯವೃಂದದ ಜೊತೆ ಪಿಯಾನೋ ನುಡಿಸೋ ಕೃತಿ) ಒಂದು ಭಾಗವನ್ನು ಬ್ಯಾಂಡಿಗೆ ಒಗ್ಗಿಸಿದ್ದ. ಖುದ್ದಾಗಿ ಜಿನೀವಾಕ್ಕೆ ಹೋಗಿ, ಅವರಿಗೇ ಕೇಳಿಸಿ, ಒಪ್ಪಿಗೆ ತಂದ. 1977ರಲ್ಲಿ ತನ್ನದೇ ಪಿಯಾನೋ ಕನ್ಸರ್ಟೋ ಹೊರತಂದ, ಲಂಡನ್ ಫಿಲಾರ್ಮೋನಿಕ್ ವಾದ್ಯವೃಂದದ ಜೊತೆ. ವಾದ್ಯವೃಂದ ನಡೆಸಿದವರು ಜಾನ್ ಮೇಯರ್, ನಮ್ಮ ಕಲ್ಕತ್ತಾದಲ್ಲಿ ಹುಟ್ಟಿದವರು. ಮೂರನೇ ಭಾಗ ಕೇಳಿ. ಅದಕ್ಕೂ ಮುಂಚೆ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದ ಅವನ ಮನೆ ಬೆಂಕಿಗೆ ಹೋಗಿತ್ತು. ಆ ಸಿಟ್ಟು ಪಿಯಾನೋದಲ್ಲಿ ಕೇಳುತ್ತೆ.

ಅದೇ 1977ರಲ್ಲಿ ಯಮಾಹಾ ಜಿಎಕ್ಸ್-1 ಅನ್ನೋ ಮೂರಂತಸ್ತಿನ ದೈತ್ಯ ಸಿಂಥಸೈಜರ್, ದೊಡ್ಡ ಆರ್ಕೆಸ್ಟ್ರಾ ಕಟ್ಟಿಕೊಂಡು ಪ್ರವಾಸ, ಅದರಲ್ಲಿ ಭಾರೀ ನಷ್ಟ. ಆಮೇಲೆ ಬ್ಯಾಂಡ್ ಮುಗಿಯಿತು, ಸಿನಿಮಾ ಸಂಗೀತ ಮಾಡಿದ, 1992ರಲ್ಲಿ ಮೂವರೂ ಮತ್ತೆ ಸೇರಿ ಆಲ್ಬಮ್ ತಂದರು. 1993ರಲ್ಲಿ ಬಲಗೈಯ ನರಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಆ ಕೈ ಮತ್ತೆ ಮೊದಲಿನಂತಾಗಲೇ ಇಲ್ಲ.

2016ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. 71 ವರ್ಷ. ಜಪಾನಿನಲ್ಲಿ ಕಛೇರಿಗಳು ನಿಗದಿಯಾಗಿದ್ದವು. ಕೈ ಸಾಥ್ ಕೊಡುತ್ತಿಲ್ಲ, ಕೇಳಲು ಬಂದವರಿಗೆ ನಿರಾಸೆ ಮಾಡಿಬಿಡುತ್ತೇನೆ ಅನ್ನೋ ಭಯ ಅವನನ್ನು ತಿನ್ನುತ್ತಿತ್ತು, ಇಂಟರ್ನೆಟ್ಟಿನಲ್ಲಿ ಜನ ಬರೆದದ್ದನ್ನು ಓದಿ ನೊಂದುಕೊಳ್ಳುತ್ತಿದ್ದ ಅಂತ ಅವನ ಸಂಗಾತಿ ಪತ್ರಿಕೆಯವರಿಗೆ ಹೇಳಿದ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಐವತ್ತು ವರ್ಷ ಕೀಬೋರ್ಡಿಗೇ ಕೈ ತೇಯ್ದವನು, ವಯಸ್ಸಾದ ಕೈ ತಡವರಿಸಿದರೆ ಅಪರಿಚಿತರು ಕೂತಲ್ಲಿಂದಲೇ ಒಂದು ಸಾಲು ಬರೆದು ಎಸೆಯುತ್ತಾರೆ, ಆತ ಅದನ್ನು ಕೂತು ಓದುತ್ತಾನೆ. ಎಷ್ಟು ಕ್ರೂರ ಅಲ್ವಾ? ಅವನಿಗೆ ಸದ್ದು ಗದ್ದಲ ಮಾತ್ರ ಮುಖ್ಯವಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಒಂದೊಂದು ಸ್ವರವೂ ಸರಿ ಬೀಳಬೇಕು ಅಂತ ಬದುಕಿದವನಿಗೇ ಆ ಭಯ ಹುಟ್ಟೋದು.

ಆ ಗೆಳೆಯ ಮುಂದಿನ ಭಾನುವಾರ ಮನೆಗೆ ಬರುತ್ತಿದ್ದಾನೆ. ವಿಡಿಯೋ ಏನೂ ತೋರಿಸೋದಿಲ್ಲ. ದೀಪ ಆರಿಸಿ ಟಾರ್ಕಸ್ ಹಾಕಿ, ಮೊದಲ ಎರಡು ನಿಮಿಷ ಬರೀ ಎಡಗೈ ಕೇಳು ಮಾರಾಯ ಅಂತೀನಿ.