ಅಗ್ಗದ ಹೊಸ ಗ್ರಾಫಿಕ್ಸ್ ಕಾರ್ಡ್: ಡ್ರೈವರ್ ಮಾಗುವ ಮುಂಚೆ ಕೊಳ್ಳಬಹುದೇ?

ಪರ: ಕೊಳ್ಳಿ, ಮೊದಲು ಮದರ್‌ಬೋರ್ಡ್ ನೋಡಿಕೊಳ್ಳಿ

ಡ್ರೈವರ್ ಅಂದರೆ ಗೇಮಿಗೂ ಕಾರ್ಡಿಗೂ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶ. ಇಂಟೆಲ್ ಕಂಪನಿಯ ಆರ್ಕ್ ಗ್ರಾಫಿಕ್ಸ್ ಕಾರ್ಡ್ ಅಂದ ಕೂಡಲೇ ಜನ 2022ರ ಮಾತು ತೆಗೆಯುತ್ತಾರೆ. ತೆಗೆಯಲಿ, ಅದೇನು ಸುಳ್ಳಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಎ750 ಮತ್ತು ಎ770 ಕಾರ್ಡುಗಳು ಬಂದಾಗ ಹೊಸ ಗೇಮುಗಳು ಎಷ್ಟೋ ಚೆನ್ನಾಗಿ ಓಡುತ್ತಿದ್ದವು, ಹಳೆಯವು ಮುಗ್ಗರಿಸುತ್ತಿದ್ದವು. ಯಾಕೆ ಹಾಗಾಯಿತು ಅಂತ ತಿಳಿದುಕೊಂಡರೆ ಅರ್ಧ ಹೆದರಿಕೆ ಇಳಿಯುತ್ತದೆ.

ಗೇಮು ಕಾರ್ಡಿಗೆ ಆದೇಶ ಕೊಡುವುದಕ್ಕೆ ಕೆಲವು ಭಾಷೆಗಳಿವೆ. ಅವುಗಳಲ್ಲಿ ಹೊಸವಾದ ಡೈರೆಕ್ಟ್‌ಎಕ್ಸ್ 12 ಅಥವಾ ವಲ್ಕನ್ ಬಳಸುವ ಗೇಮಿನಲ್ಲಿ ಮೆಮೊರಿ ಹಂಚುವ ಕೆಲಸ ಬಹುಪಾಲು ಗೇಮಿನದೇ. ಹಳೆಯ ಡೈರೆಕ್ಟ್‌ಎಕ್ಸ್ 9 ಮತ್ತು 11ರಲ್ಲಿ ಆ ಹೊರೆಯೆಲ್ಲ ಡ್ರೈವರಿನ ತಲೆ ಮೇಲೆ. ಗ್ರಾಫಿಕ್ಸ್ ಕಾರ್ಡಿನ ಹಳೆಯ ಕಂಪನಿಗಳಾದ ಎನ್‌ವಿಡಿಯಾ, ಎಎಂಡಿ ಎರಡೂ ಎಷ್ಟೋ ವರ್ಷಗಳಿಂದ ಒಂದೊಂದು ಗೇಮಿಗೂ ಒಂದೊಂದು ತಿದ್ದುಪಡಿ ಸೇರಿಸುತ್ತ ಬಂದಿವೆ. ಇಂಟೆಲ್ ಹತ್ತಿರ ಆ ಗಂಟು ಇರಲಿಲ್ಲ. ಡೈರೆಕ್ಟ್‌ಎಕ್ಸ್ 9ಕ್ಕೆ ಅದು ಸ್ವಂತ ಡ್ರೈವರನ್ನೇ ಬರೆಯದೆ, ಹಳೆಯ ಆದೇಶಗಳನ್ನು 12ಕ್ಕೆ ಬದಲಾಯಿಸುವ ಮೈಕ್ರೋಸಾಫ್ಟಿನ ಪದರವನ್ನು ನೆಚ್ಚಿಕೊಂಡಿತ್ತು. ಅದು ನಿಧಾನ. ಎರಡೇ ತಿಂಗಳಲ್ಲಿ, ಅದೇ ಡಿಸೆಂಬರಿನಲ್ಲಿ, ದಾರಿ ಬದಲಾಯಿಸಿತು. ಕೆಲವು ಗೇಮುಗಳಿಗೆ ಆ ಆದೇಶಗಳನ್ನು ವಲ್ಕನ್‌ಗೆ ಬದಲಾಯಿಸುವ, ಓಪನ್ ಸೋರ್ಸ್ ಜಗತ್ತಿನ ಡಿಎಕ್ಸ್‌ವಿಕೆಯನ್ನೇ ಬಳಸಿಕೊಂಡಿತು. ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್ ಸರಾಸರಿ 1.8 ಪಟ್ಟು ತನಕ ವೇಗವಾಯಿತು ಅಂತ ಕಂಪನಿಯೇ ಹೇಳಿಕೊಂಡಿತು. ಕಂಪನಿಯ ಲೆಕ್ಕ, ಸ್ವಲ್ಪ ಉಪ್ಪು-ಹುಳಿ ಇರಬಹುದು. ಆದರೆ ಹಿಂದೆ ಕಾರ್ಡ್ ಕೊಂಡವರಿಗೂ ಆ ವೇಗ ಬಿಟ್ಟಿಯಾಗಿ ಸಿಕ್ಕಿತು ಅನ್ನೋದು ನಿಜ ತಾನೇ?

ಇನ್ನೊಂದು ವಿಷಯ. "ಹಳೇ ಕಂಪನಿಯ ಕಾರ್ಡ್ ತಗೊಂಡರೆ ತಲೆನೋವಿಲ್ಲ" ಅನ್ನುವವರು ಯಾವ ಕಾಲದಲ್ಲಿದ್ದಾರೋ ಗೊತ್ತಿಲ್ಲ. 2019ರಲ್ಲಿ ಎಎಂಡಿಯ ಆರ್‌ಎಕ್ಸ್ 5700 ಕಾರ್ಡುಗಳು ಬಂದವು. ತೆರೆ ಕಪ್ಪಾಗುವ ದೂರುಗಳು ಮುಂದಿನ ವರ್ಷದವರೆಗೂ ನಿಲ್ಲಲಿಲ್ಲ. 2025ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಗೂ ಅದೇ ಗತಿ. ತಿಂಗಳುಗಟ್ಟಲೆ ಒಂದರ ಹಿಂದೊಂದು ಡ್ರೈವರ್ ಬಿಡಬೇಕಾಯಿತು. ಅದರಲ್ಲೂ ಅಗ್ಗದ 5060 ಕಾರ್ಡುಗಳು ಕೆಲವು ಮದರ್‌ಬೋರ್ಡುಗಳಲ್ಲಿ ರೀಸ್ಟಾರ್ಟ್ ಮಾಡಿದಾಗ ಖಾಲಿ ತೆರೆ ತೋರಿಸುತ್ತಿದ್ದವು. ಅದಕ್ಕೆ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಕೂತಿರುವ ತಂತ್ರಾಂಶ, ಬದಲಾಯಿಸುವ ಉಪಕರಣವನ್ನೇ ಕಂಪನಿ ಕೊಡಬೇಕಾಯಿತು. ಎಷ್ಟೋ ವರ್ಷ ಪಳಗಿದ ಡ್ರೈವರ್ ತಂಡದ ಕಥೆ ಇದು.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಹಾರ್ಡ್‌ವೇರಿನಲ್ಲಿ ಏನಿದೆ ಅದನ್ನು. 2024ರ ಡಿಸೆಂಬರಿನಲ್ಲಿ ಬಂದ ಆರ್ಕ್ ಬಿ580 ಬಿಡುಗಡೆಯ ಬೆಲೆ 249 ಡಾಲರ್, ಮೆಮೊರಿ 12 ಜಿಬಿ. ಅದಕ್ಕಿಂತ ಜಾಸ್ತಿ ಬೆಲೆಗೆ ಬಂದಿದ್ದ ಆರ್‌ಟಿಎಕ್ಸ್ 4060ಕ್ಕೆ ಇದ್ದದ್ದು 8 ಜಿಬಿ. ಡ್ರೈವರಿನ ಕೊರತೆಯನ್ನು ಮುಂದಿನ ತಿಂಗಳು ತುಂಬಬಹುದು. ಮೆಮೊರಿ ಕಡಿಮೆ ಇದ್ದರೆ ಯಾವ ಅಪ್‌ಡೇಟೂ ಅದನ್ನು ಹೆಚ್ಚಿಸುವುದಿಲ್ಲ. ಇವತ್ತಿನ ದೊಡ್ಡ ಗೇಮುಗಳಲ್ಲಿ 8 ಜಿಬಿ ತುಂಬಿ, ಟೆಕ್ಸ್ಚರ್ ಮಸುಕಾಗುವುದನ್ನೋ ಫ್ರೇಮ್ ಜರ್ಕ್ ಹೊಡೆಯುವುದನ್ನೋ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವು ಷರತ್ತುಗಳಿವೆ, ಒಪ್ಪುತ್ತೇನೆ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ತೆರೆದಿಡುವ ರೀಸೈಜಬಲ್ ಬಾರ್ ಅನ್ನೋ ಸೌಲಭ್ಯ ಮದರ್‌ಬೋರ್ಡಿನಲ್ಲಿ ಆನ್ ಆಗಬೇಕು. ಪ್ರೊಸೆಸರ್ ತೀರಾ ಹಳೆಯದಾಗಬಾರದು. ಆದರೆ ಇವು ಗುಟ್ಟಿನ ಷರತ್ತುಗಳಲ್ಲ. ಕಂಪನಿಯೇ ಪಟ್ಟಿ ಕೊಟ್ಟಿದೆ, ಕೊಳ್ಳುವ ಮುಂಚೆ ಒಂದು ಸಂಜೆ ಕೂತು ನೋಡಿದರೆ ಸಾಕು. ಅಷ್ಟೂ ಮಾಡದೆ ಕಾರ್ಡನ್ನು ಬೈದರೆ ಹೇಗೆ?

ವಿರೋಧ: ಅಗ್ಗದ ಕಾರ್ಡಿಗೆ ದುಬಾರಿ ಕಂಪ್ಯೂಟರ್ ಬೇಕಂತೆ

ಅಗ್ಗದ ಗ್ರಾಫಿಕ್ಸ್ ಕಾರ್ಡನ್ನು ಯಾರು ಕೊಳ್ಳುತ್ತಾರೆ? ಹೊಚ್ಚ ಹೊಸ ಕಂಪ್ಯೂಟರ್ ಕಟ್ಟುವವರೂ ಕೊಳ್ಳಬಹುದು. ಆದರೆ ಹೆಚ್ಚಿನವರು ಐದಾರು ವರ್ಷದ ಹಳೆಯ ಯಂತ್ರ ಇಟ್ಟುಕೊಂಡು, "ಕಾರ್ಡ್ ಒಂದು ಬದಲಾಯಿಸಿದರೆ ಇನ್ನೆರಡು ವರ್ಷ ಓಡುತ್ತೆ" ಅಂದುಕೊಂಡವರು. ಡ್ರೈವರ್ ಮಾಗದ ಕಾರ್ಡುಗಳು ಸರಿಯಾಗಿ ಕೈ ಕೊಡುವುದು ಇವರಿಗೇ. ನನ್ನ ತಕರಾರೆಲ್ಲ ಇದೊಂದೇ.

ರೀಸೈಜಬಲ್ ಬಾರ್ ತಗೊಳ್ಳಿ. ಮೊದಲಿನಿಂದ ಪ್ರೊಸೆಸರ್ ಗ್ರಾಫಿಕ್ಸ್ ಮೆಮೊರಿಯನ್ನು ನೋಡುತ್ತಿದ್ದದ್ದು 256 ಎಂಬಿಯ ಒಂದು ಕಿಟಕಿಯಿಂದ. ಈ ಸೌಲಭ್ಯ ಆನ್ ಆದರೆ ಇಡೀ ಮೆಮೊರಿ ಕಾಣುತ್ತದೆ. ಬೇರೆ ಕಂಪನಿಯ ಕಾರ್ಡುಗಳಿಗೆ ಇದರಿಂದ ಸ್ವಲ್ಪ ಲಾಭ, ಇಲ್ಲದಿದ್ದರೂ ನಡೆಯುತ್ತದೆ. ಆರ್ಕ್‌ಗೆ ಇದಿಲ್ಲದೆ ಉಸಿರೇ ಇಲ್ಲ. ಇಂಟೆಲ್ ಹೇಳುವುದು ತನ್ನ 10ನೇ ತಲೆಮಾರಿನ ಪ್ರೊಸೆಸರ್ ಅಥವಾ ಎಎಂಡಿಯ ರೈಜನ್ 3000ದಿಂದ ಮುಂದಿನದು ಇರಲಿ ಅಂತ.

ಸರಿ, "ಒಂದು ಸಂಜೆ ಕೂತು ನೋಡಿ" ಅಂದರಲ್ಲ, ಆ ಸಂಜೆ ಹೇಗಿರುತ್ತೆ ಗೊತ್ತಾ? ಕಂಪ್ಯೂಟರನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶ, ಬಯೋಸ್, ಹಳೆಯದಾಗಿರುತ್ತದೆ, ಅಪ್‌ಡೇಟ್ ಮಾಡಬೇಕು. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡಿನ ಪಾಡು ದೇವರಿಗೇ ಗೊತ್ತು. ಆಮೇಲೆ ಹಳೇ ಪದ್ಧತಿಯಲ್ಲಿ ಬೂಟ್ ಮಾಡಿಸುವ ಸಿಎಸ್‌ಎಂ ಆಫ್ ಮಾಡಬೇಕು. ಆಫ್ ಮಾಡಿದ ಮೇಲೆ ವಿಂಡೋಸ್ ಬೂಟ್ ಆಗೋದಿಲ್ಲ, ಯಾಕಂದರೆ ಡಿಸ್ಕಿನ ಭಾಗಗಳ ಪಟ್ಟಿ ಇನ್ನೂ ಹಳೆಯ ಎಂಬಿಆರ್ ಪದ್ಧತಿಯಲ್ಲೇ ಇದೆ. ಅದನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಾಯಿಸಬೇಕು, ಅದಕ್ಕೆ ಮುಂಚೆ ಎಲ್ಲದರ ಬ್ಯಾಕಪ್. ಇದೆಲ್ಲ ಗೊತ್ತಿದ್ದವರಿಗೆ ಆಟ. ಗೇಮ್ ಆಡೋಣ ಅಂತ ಕಾರ್ಡ್ ತಂದವರಿಗೆ?

ಇಷ್ಟೆಲ್ಲ ಆದ ಮೇಲೂ ಬಿ580 ಇನ್ನೊಂದು ಪೆಟ್ಟು ಕೊಟ್ಟಿತು. 2025ರ ಜನವರಿಯಲ್ಲಿ ಕೆಲವು ಪರೀಕ್ಷಕರು ಅದನ್ನು ಹಳೆಯ ಪ್ರೊಸೆಸರುಗಳ ಜೊತೆ ಕೂರಿಸಿ ನೋಡಿದರು. ವೇಗದ ಪ್ರೊಸೆಸರ್ ಜೊತೆ 4060ಯನ್ನು ಹಿಂದೆ ಹಾಕಿದ ಕಾರ್ಡು, ರೈಜನ್ 5 2600 ಜೊತೆ ಎಷ್ಟೋ ಗೇಮಿನಲ್ಲಿ ಅದೇ 4060ಗಿಂತ ಹಿಂದೆ ಬಿತ್ತು. ರೈಜನ್ 5 5600 ಜೊತೆಗೂ ಕೆಲವು ಗೇಮಿನಲ್ಲಿ ಕುಗ್ಗಿತು, ಅದು ಪಟ್ಟಿಯಲ್ಲಿರುವ ಪ್ರೊಸೆಸರೇ ಆಗಿದ್ದರೂ. ಆಗಿನ ಡ್ರೈವರ್ ಪ್ರೊಸೆಸರಿನಿಂದ ಜಾಸ್ತಿ ಕೆಲಸ ಕೇಳುತ್ತಿತ್ತು, ಹಳೆಯ ಪ್ರೊಸೆಸರಿಗೆ ಅದು ಕೈಲಾಗುತ್ತಿರಲಿಲ್ಲ. ಡಿಸೆಂಬರಿನ ಮೊದಲ ವಿಮರ್ಶೆಗಳಲ್ಲಿ ಇದು ಕಾಣಲೇ ಇಲ್ಲ. ಯಾಕೆ ಅಂದರೆ, ಕಾರ್ಡಿನ ತಾಕತ್ತು ಅಳೆಯುವಾಗ ಮಾರುಕಟ್ಟೆಯ ಅತಿ ವೇಗದ ಪ್ರೊಸೆಸರ್ ಬಳಸುವುದೇ ವಾಡಿಕೆ. ಆ ವಾಡಿಕೆ ತಪ್ಪಲ್ಲ. ಆದರೆ ಮೊದಲ ದಿನವೇ ಕೊಂಡವರು ನೋಡಿದ ಗ್ರಾಫು ಬೇರೆ, ಮನೆಯಲ್ಲಿ ಸಿಕ್ಕ ಫ್ರೇಮು ಬೇರೆ. ಪಟ್ಟಿ ನೋಡಿ ಅನ್ನುವವರೇ, ಇದು ಯಾವ ಪಟ್ಟಿಯಲ್ಲಿತ್ತು?

ಡ್ರೈವರ್ ಮಾತ್ರ ಅಲ್ಲ, ಸ್ಲಾಟಿನಲ್ಲೂ ಇದೇ ಕಥೆ. ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡುವ ದಾರಿಗೆ ಪಿಸಿಐಇ ಅಂತಾರೆ, ಅದರ ಒಂದೊಂದು ಪಥವೇ ಲೇನ್. ಎಎಂಡಿಯ 2022ರ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇದ್ದದ್ದು ನಾಲ್ಕೇ ಲೇನ್, 4 ಜಿಬಿ ಮೆಮೊರಿ. ಹೊಸ ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ಓಡುತ್ತಿತ್ತು, ಹಳೆಯ, ನಿಧಾನದ 3.0 ಬೋರ್ಡಿನಲ್ಲಿ ಹಾಕಿದರೆ ಕೆಲವು ಗೇಮುಗಳಲ್ಲಿ ಕುಸಿಯುತ್ತಿತ್ತು. ಹಳೆಯ ಬೋರ್ಡ್ ಯಾರ ಹತ್ತಿರ ಇರುತ್ತೆ ಅಂತ ಮತ್ತೆ ಹೇಳಬೇಕಾ?

"ಡ್ರೈವರ್ ಮುಂದೆ ಸರಿಹೋಗುತ್ತೆ" ಅಂತ ಹಣ ಕೊಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಸರಿಹೋಗಬಹುದು. ಆದರೆ ವಾಪಸ್ ಕೊಡುವ ಗಡುವು ಅದಕ್ಕಾಗಿ ಕಾಯುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸ್ಟಾರ್‌ಫೀಲ್ಡ್ ಬಂದಾಗ ಆರ್ಕ್ ಇದ್ದವರು ಗೇಮ್ ಶುರು ಮಾಡಲೂ ಒದ್ದಾಡಿದರು. ಕೆಲವು ದಿನಗಳಲ್ಲಿ ಹೊಸ ಡ್ರೈವರ್ ಬಂತು, ಒಪ್ಪೋಣ. ಗೇಮಿಗೆ ಪೂರ್ತಿ ಬೆಲೆ ಕೊಟ್ಟು ಮೊದಲ ವಾರ ಸುಮ್ನೆ ಕೂತವರ ಲೆಕ್ಕ ಎಲ್ಲಿ ಬರೆಯೋಣ?

ಎನ್‌ವಿಡಿಯಾ, ಎಎಂಡಿಗೂ ತಪ್ಪುಗಳಾಗಿವೆ, ನಿಜ. 5060ಯ ಖಾಲಿ ತೆರೆಯನ್ನು ನಾನು ಸಮರ್ಥಿಸುವುದಿಲ್ಲ. ವ್ಯತ್ಯಾಸ ಇರುವುದು ಹುಡುಕಾಟದಲ್ಲಿ. ಕೋಟಿಗಟ್ಟಲೆ ಜನ ಬಳಸುವ ಕಾರ್ಡಿನಲ್ಲಿ ತೊಂದರೆ ಬಂದರೆ, ನಿಮಗಿಂತ ಮುಂಚೆ ಯಾರೋ ಅದನ್ನು ಎಡವಿ ಪರಿಹಾರ ಬರೆದಿಟ್ಟಿರುತ್ತಾರೆ. ಗೇಮ್ ಮಾಡುವವರೂ ಆ ಕಾರ್ಡಿನಲ್ಲೇ ಮೊದಲು ಪರೀಕ್ಷೆ ಮಾಡಿರುತ್ತಾರೆ. ಕಡಿಮೆ ಜನರ ಹತ್ತಿರ ಇರುವ ಕಾರ್ಡ್ ಕ್ರ್ಯಾಶ್ ಆದರೆ ತಪ್ಪು ರ‍್ಯಾಮಿನದೋ, ಪವರ್ ಸಪ್ಲೈದೋ, ಗೇಮಿನದೋ, ಡ್ರೈವರಿನದೋ ಅಂತ ನೀವೊಬ್ಬರೇ ಕೂತು ಪತ್ತೆ ಮಾಡಬೇಕು.

ಸಣ್ಣ ಕಿರಿಕಿರಿಗಳೂ ಇವೆ. ಆರ್ಕ್ ಎ ಸರಣಿಯ ದೊಡ್ಡ ಕಾರ್ಡುಗಳು ಏನೂ ಕೆಲಸವಿಲ್ಲದಾಗಲೂ 40 ವ್ಯಾಟ್ ಆಸುಪಾಸು ಎಳೆಯುತ್ತವೆ. ತಗ್ಗಿಸಬೇಕಾದರೆ ಮತ್ತೆ ಬಯೋಸ್‌ಗೆ ಹೋಗಿ ಎಎಸ್‌ಪಿಎಂ ಅನ್ನೋ ವಿದ್ಯುತ್ ಉಳಿಸುವ ಆಯ್ಕೆ ಸೆಟ್ ಮಾಡಬೇಕು.

12 ಜಿಬಿ ಮೆಮೊರಿಯ ಆಸೆ ನನಗೂ ಅರ್ಥವಾಗುತ್ತದೆ. ಯಂತ್ರ ಹೊಸದಾಗಿದ್ದರೆ ನಾನೂ ಬಿ580ಯನ್ನು ಬೇಡ ಅನ್ನುವುದಿಲ್ಲ. ಹಳೆಯದಾಗಿದ್ದರೆ, ಅದೇ ಹಣಕ್ಕೆ ಹೋದ ತಲೆಮಾರಿನ ಕಾರ್ಡ್ ಹುಡುಕಿ. ಹದಿನಾರೋ ಎಂಟೋ ಲೇನ್ ಇರಲಿ, ಡ್ರೈವರಿಗೆ ಎರಡು ವರ್ಷವಾದರೂ ತುಂಬಿರಲಿ. ಕೊಳ್ಳುವ ಮುಂಚೆ ನಿಮ್ಮದೇ ಪ್ರೊಸೆಸರ್ ಜೊತೆ ಆ ಕಾರ್ಡನ್ನು ಪರೀಕ್ಷಿಸಿದ ಒಂದು ವಿಮರ್ಶೆ ಸಿಗುತ್ತಾ ನೋಡಿ. ಸಿಗದಿದ್ದರೆ ಇನ್ನೂ ಎರಡು ತಿಂಗಳು ಹಳೇ ಕಾರ್ಡಿನಲ್ಲೇ ಆಡಿ.